ಮದುವೆಗೆ ಮುಂಚೆ ಬೇಡ ಅನ್ನುವ ಗೆಳತಿ, ದೇವರನ್ನು ನಂಬದ ನಾನು: ಕಾಯಬೇಕಾ, ಬಿಡಬೇಕಾ?

ನಿಮಗೆ ದೇವರಲ್ಲಿ ನಂಬಿಕೆ ಇಲ್ಲ, ಅವರು ಕ್ಯಾಥೊಲಿಕ್. ಇಬ್ಬರಿಗೂ ಬೇರೆ ಯಾರೂ ಬೇಡ. ಆದರೆ ಮದುವೆಯಾಗುವ ತನಕ ದೈಹಿಕ ಸಂಬಂಧ ಬೇಡ ಅಂದಿದ್ದಾರೆ, ನಿಮಗೆ ದಾರಿ ತೋಚುತ್ತಿಲ್ಲ. ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ?

ನಾನು ನಿಮ್ಮ ಗೆಳತಿಯ ಜಾಗದಲ್ಲಿ ಇದ್ದವಳು. ನಾನು ಕ್ಯಾಥೊಲಿಕ್, ನನ್ನ ಗಂಡ ಯಾವ ದೇವರನ್ನೂ ನಂಬುವುದಿಲ್ಲ. ಮದುವೆಗೆ ಮುಂಚೆ ನಾನೂ ಇದೇ ಮಾತು ಹೇಳಿದ್ದೆ. ಅವರು ವಾದಕ್ಕೆ ಇಳಿಯಲಿಲ್ಲ. "ಚರ್ಚ್ ಹೇಳುವುದು ಗೊತ್ತು. ನಿನಗೆ ಏನನ್ಸುತ್ತೆ?" ಅಂತ ಕೇಳಿದರು. ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಹೇಳಿದೆ: ನನಗೂ ಆಸೆ ಇದೆ, ಆದರೆ ಮರುದಿನ ಪ್ರಾರ್ಥನೆಗೆ ಕೂತಾಗ ಮನಸ್ಸು ಚುಚ್ಚುವುದು ಬೇಡ. ಅದನ್ನು ಕೇಳಿದ ಮೇಲೆ ಅವರಿಗೆ ಕಾಯುವುದು ಅಷ್ಟು ಕಷ್ಟ ಅನಿಸಲಿಲ್ಲ. ನಾನು ಅವರನ್ನು ದೂರ ತಳ್ಳುತ್ತಿಲ್ಲ ಅಂತ ಗೊತ್ತಾಯಿತಲ್ಲ.

ಬೈಬಲ್ ವಾಕ್ಯ ಹಿಡಿದು ನಿಮ್ಮ ಗೆಳತಿಯನ್ನು ಸೋಲಿಸಲು ಹೋಗಬೇಡಿ. ಅಳುಕುತ್ತಾ ಕೊಡುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ನನಗೆ ಜಾಸ್ತಿ ಚಿಂತೆಯಾಗಿದ್ದು "ಮದುವೆಯಾದರೆ ಎಲ್ಲಾ ಸರಿಹೋಗುತ್ತೆ" ಅಂತ ನೀವು ಬರೆದಿರುವುದು. ತಾನಾಗಿ ಸರಿಹೋಗಲ್ಲ. 1968ರಲ್ಲಿ ಪೋಪ್ ಆರನೇ ಪೌಲ್ ಹೊರಡಿಸಿದ 'ಹ್ಯೂಮಾನೆ ವೀಟೆ' ಪತ್ರದ ಪ್ರಕಾರ ಗಂಡ ಹೆಂಡತಿ ಕೂಡ ಗರ್ಭ ತಡೆಯಲು ಕಾಂಡೋಮ್, ಮಾತ್ರೆ ಬಳಸುವಂತಿಲ್ಲ. ಗರ್ಭ ನಿಲ್ಲಬಹುದಾದ ದಿನಗಳನ್ನು ಲೆಕ್ಕ ಹಾಕಿ ಆಗ ದೂರ ಇರಬಹುದು, ಅಷ್ಟೇ. ಇದನ್ನು ಪಾಲಿಸದ ಕ್ಯಾಥೊಲಿಕರು ಬೇಕಾದಷ್ಟು ಜನ ಇದ್ದಾರೆ, ನಿಷ್ಠೆಯಿಂದ ಪಾಲಿಸುವವರೂ ಇದ್ದಾರೆ. ನಿಮ್ಮ ಗೆಳತಿ ಯಾವ ಕಡೆ? ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಗಿದ್ದೇ ಇದಕ್ಕೆ. ಕ್ಯಾಲೆಂಡರಿನಲ್ಲಿ ನಾನು ಗುರುತು ಹಾಕಿದ ದಿನಗಳನ್ನು ನೋಡಿ ನನ್ನ ಗಂಡ, "ಇದರಲ್ಲಿ ನನ್ನ ಮಾತಿಗೆ ಜಾಗ ಎಲ್ಲಿ?" ಅಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಇಬ್ಬರೂ ಹಣ್ಣಾಗಿದ್ದೆವು.

ಬೇರೆ ಧರ್ಮಗಳಲ್ಲೂ ಇಂಥದ್ದು ಇದೆ. ರಂಜಾನ್ ಉಪವಾಸದಲ್ಲಿ ಹಗಲು ಕೂಡುವಂತಿಲ್ಲ, ರಾತ್ರಿ ಅಡ್ಡಿಯಿಲ್ಲ. ಸಂಪ್ರದಾಯಸ್ಥ ಯಹೂದಿ ದಂಪತಿ ಮುಟ್ಟಿನ ದಿನಗಳಲ್ಲೂ, ಅದು ನಿಂತ ಮೇಲೆ ಏಳು ದಿನವೂ ದೂರ ಇರುತ್ತಾರೆ.

ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಒಂದು ಮಾತು ಹೇಳುತ್ತಾನೆ. ಪ್ರಾರ್ಥನೆಗಾಗಿ ದೂರ ಇರುವುದಾದರೂ ಇಬ್ಬರೂ ಒಪ್ಪಿರಬೇಕು, ಅದೂ ಸ್ವಲ್ಪ ಕಾಲ ಮಾತ್ರ. ಹೆಂಡತಿ "ಬೇಡ" ಅನ್ನುವ ಹಾಗೇ ಇಲ್ಲ ಅಂತ ಇದನ್ನು ತಿರುಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಬ್ಬರೂ ಒಪ್ಪಬೇಕು ಅನ್ನುವುದನ್ನು ಅವರು ಓದುವುದೇ ಇಲ್ಲ.

ಮಕ್ಕಳು ಯಾವಾಗ, ಅಲ್ಲಿಯವರೆಗೆ ಏನು ಬಳಸುವುದು, ಒಬ್ಬರಿಗೆ ಬೇಕಾಗಿ ಇನ್ನೊಬ್ಬರಿಗೆ ಬೇಡವಾದಾಗ ಏನು ಮಾಡುವುದು, ಇದನ್ನೆಲ್ಲ ಈಗಲೇ ಬಾಯಿಬಿಟ್ಟು ಮಾತಾಡಿ. ನಿಮ್ಮಿಂದ ಆಗಲ್ಲ ಅನಿಸಿದರೆ ಅದನ್ನೂ ನೇರವಾಗಿ ಹೇಳಿ. ಅದರಿಂದ ನೀವು ಕೆಟ್ಟವರಾಗುವುದಿಲ್ಲ. ಮುಂದೆ ಬದಲಾಗುತ್ತಾಳೆ ಬಿಡು ಅನ್ನುವ ಲೆಕ್ಕದಲ್ಲಿ ಮಾತ್ರ ಮದುವೆಗೆ ಹೂಂ ಅನ್ನಬೇಡಿ.