ಮೈದಾನದಲ್ಲಿ ಕೈ ಎತ್ತುವ ಹುಡುಗರಿಗೆ ಎಂಥ ಶಿಕ್ಷೆ ಕೊಡಬೇಕು?

ನೀವು ಕೇಳಿದ್ದು ಇದು: ಆಟದ ಮೈದಾನದಲ್ಲಿ ರೆಫರಿಗೋ ಎದುರು ತಂಡದವರಿಗೋ ಹೊಡೆಯುವ 15-17 ವರ್ಷದ ಹುಡುಗರನ್ನು ದೊಡ್ಡವರ ಹಾಗೇ ಜೈಲಿಗೆ ಹಾಕಬೇಕಲ್ವಾ, ಬಾಲಾಪರಾಧಿ ಅಂತ ಬಿಟ್ಟುಬಿಡುವುದು ಯಾವ ನ್ಯಾಯ?

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಕಬಡ್ಡಿಗೆ ಸೀಟಿ ಊದುತ್ತೇನೆ. ಶಿಕ್ಷೆ ಆಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೀವು ಹೇಳುವ ಜೈಲು ಎಲ್ಲಾ ಮುಗಿದ ಮೇಲೆ ಬರುವ ಶಿಕ್ಷೆ. ಅದಕ್ಕೂ ಮೊದಲು, ಮೊದಲ ಸಲ ಹುಡುಗ ಇನ್ನೊಬ್ಬನ ಕಾಲರ್ ಹಿಡಿದಾಗ ಕೊಡಬೇಕಾದ ಸಣ್ಣ ಶಿಕ್ಷೆಯನ್ನು ನಾವು ಕೊಡುವುದೇ ಇಲ್ಲ. ನನ್ನ ಸಿಟ್ಟು ಇರುವುದು ಅದರ ಮೇಲೆ.

ನೆದರ್ಲೆಂಡ್ಸ್‌ನಲ್ಲಿ ನಡೆದದ್ದು ಹೇಳುತ್ತೇನೆ. ಈ ವಿಷಯ ಬಂದಾಗೆಲ್ಲ ನನಗೆ ಮೊದಲು ನೆನಪಾಗುವುದು ಅದೇ. 2012ರ ಡಿಸೆಂಬರ್ 2, ಅಲ್ಮೇರೆ ಅನ್ನುವ ಊರು. ಹುಡುಗರ ಫುಟ್‌ಬಾಲ್ ಪಂದ್ಯ, ದೊಡ್ಡ ಲೀಗ್ ಏನಲ್ಲ, ವಾರದ ರಜೆಯಲ್ಲಿ ಕ್ಲಬ್ ಹುಡುಗರು ಆಡುವಂಥದ್ದು. ರಿಚರ್ಡ್ ನ್ಯೂವೆನ್‌ಹೌಜೆನ್ ಅಂತ 41 ವರ್ಷದ ಒಬ್ಬರು ಬಾವುಟ ಹಿಡಿದು ಲೈನ್ಸ್‌ಮನ್ ಆಗಿ ನಿಂತಿದ್ದರು. ಅವರಿಗೆ ಅದಕ್ಕೆ ಸಂಬಳ ಇಲ್ಲ. ಮಗ ಆ ತಂಡದಲ್ಲಿ ಆಡುತ್ತಿದ್ದ, ಅದಕ್ಕೇ ಬಂದಿದ್ದರು. ಪಂದ್ಯ ಮುಗಿದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದಿದ್ದ ಎದುರು ತಂಡದ ಹುಡುಗರು ಅವರನ್ನು ಕೆಡವಿ ತಲೆಗೆ, ಕತ್ತಿಗೆ ಒದ್ದರು. ಮನುಷ್ಯ ಎದ್ದು ನಿಂತರು. ಏನೂ ಆಗಿಲ್ಲ ಅಂದುಕೊಂಡಿರಬೇಕು. ಕೆಲವು ಗಂಟೆ ಕಳೆದ ಮೇಲೆ ಕುಸಿದು ಬಿದ್ದರು, ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

2013ರ ಜೂನ್‌ನಲ್ಲಿ ತೀರ್ಪು ಬಂತು. ಆರು ಹುಡುಗರು ಮತ್ತು ಅವರಲ್ಲೇ ಒಬ್ಬನ ಅಪ್ಪ ತಪ್ಪಿತಸ್ಥರು ಅಂತ ಆಯಿತು. ಹುಡುಗರಿಗೆ ಬಾಲಕರ ಬಂಧನಗೃಹದಲ್ಲಿ 1ರಿಂದ 2 ವರ್ಷ. ಅಲ್ಲಿನ ಬಾಲಕರ ಕಾನೂನಿನಲ್ಲಿ 16 ದಾಟಿದವನಿಗೂ 2 ವರ್ಷವೇ ಗರಿಷ್ಠ. ಒಂದು ಜೀವಕ್ಕೆ ಎರಡೇ ವರ್ಷವಾ ಅಂತ ನೀವು ಕೇಳುತ್ತೀರಿ, ಸತ್ತವರ ಮನೆಯವರ ಜಾಗದಲ್ಲಿ ನಿಂತರೆ ಯಾರಾದರೂ ಕೇಳುತ್ತಾರೆ. ಆದರೆ ಆ ಅಪ್ಪನ ಕಡೆ ನೋಡಿ. 50 ವರ್ಷದ ಗಂಡಸು. ಜಗಳ ಬಿಡಿಸಬೇಕಾದ ವಯಸ್ಸಿನಲ್ಲಿ ಹುಡುಗರ ಜೊತೆ ಸೇರಿಕೊಂಡ. ಅವನಿಗೆ 6 ವರ್ಷ ಜೈಲು. ಈ ಲೆಕ್ಕ ನನಗೆ ಸರಿ ಅನಿಸುತ್ತದೆ. ಬೇಲಿಯ ಆಚೆ ನಿಂತವನು ಒಳಗೆ ಬಂದರೆ ಅವನಿಗೇ ಜಾಸ್ತಿ ಬೀಳಬೇಕು.

ಇನ್ನೊಂದು ವಿಷಯ. ಅಲ್ಲಿನ ಫುಟ್‌ಬಾಲ್ ಸಂಸ್ಥೆ ಮುಂದಿನ ವಾರಾಂತ್ಯ ದೇಶದ ಎಲ್ಲಾ ಹವ್ಯಾಸಿ ಪಂದ್ಯಗಳನ್ನು ನಿಲ್ಲಿಸಿತು, ಸುಮಾರು 33,000 ಪಂದ್ಯ. ಏನೂ ತಪ್ಪು ಮಾಡದ ಮಕ್ಕಳೂ ಆ ಶನಿವಾರ, ಭಾನುವಾರ ಮನೆಯಲ್ಲಿ ಕೂತರು. ಯಾಕೆ ಅಂತ ಪ್ರತಿ ಮನೆಯಲ್ಲೂ ಮಾತಾಡಲೇಬೇಕಾಯಿತು. ಈಗ ಅಲ್ಲಿ ಕೆಳ ಹಂತದ ಪಂದ್ಯಗಳಲ್ಲಿ ಹಳದಿ ಕಾರ್ಡ್ ಬಂದರೆ ಹುಡುಗ 10 ನಿಮಿಷ ಹೊರಗೆ ಕೂರಬೇಕು. ತಲೆ ಬಿಸಿ ಇಳಿಯುವವರೆಗೆ ಕೂರು, ತಣ್ಣಗಾದ ಮೇಲೆ ಬಾ.

ನಮ್ಮ ಕಬಡ್ಡಿಯಲ್ಲೂ ಇದು ಇದೆ! ಹಸಿರು ಕಾರ್ಡ್ ಅಂದರೆ ಎಚ್ಚರಿಕೆ, ಹಳದಿ ಅಂದರೆ 2 ನಿಮಿಷ ಆಚೆ, ಕೆಂಪು ಅಂದರೆ ಆ ಪಂದ್ಯದಿಂದಲೇ ಆಚೆ. ನಿಯಮ ಇದೆ, ಕಾರ್ಡ್ ಜೇಬಿನಲ್ಲಿದೆ. ತೆಗೆದು ನೋಡಿ, ಏನಾಗುತ್ತದೆ ಅಂತ ಗೊತ್ತಾಗುತ್ತದೆ.

ಒಂದು ತಾಲ್ಲೂಕು ಮಟ್ಟದ ಸೆಮಿಫೈನಲ್. ರೈಡರ್ ಹುಡುಗನ ಕಾಲು ಹಿಡಿದು ಕೆಡವಿದರು, ನಾನು ಔಟ್ ಅಂತ ಸೀಟಿ ಊದಿದೆ. ಸೀಟಿ ಆದ ಮೇಲೆ ಅವನು ಎದ್ದವನೇ ಕಾಲು ಹಿಡಿದಿದ್ದವನ ಮುಖಕ್ಕೆ ಮೊಣಕೈಯಿಂದ ಗುದ್ದಿದ. ಮೂಗಲ್ಲಿ ರಕ್ತ. ಕೆಂಪು ಕಾರ್ಡ್ ತೋರಿಸಿದೆ. ಮೊದಲು ಓಡಿ ಬಂದವರು ಅವನ ಶಾಲೆಯ ಮೇಷ್ಟ್ರೇ: "ಸಾರ್, ಸೆಮಿಫೈನಲ್ ಸಾರ್, ಬಿಸಿರಕ್ತ, ಹೋಗ್ಲಿ ಬಿಡಿ." ಅವರ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಊರಿನ ಹಿರಿಯರೊಬ್ಬರು ಸುಣ್ಣದ ಗೆರೆ ತುಳಿದುಕೊಂಡು ಕೋರ್ಟಿನ ನಡುವೆ ಬಂದು ನಿಂತರು. "ಏನ್ ಮೇಷ್ಟ್ರೇ, ನಮ್ಮ ಹುಡುಗ್ರೇ ಕಣ್ಣಿಗೆ ಬೀಳೋದಾ ನಿಮಗೆ?" ಆಟ ನಿಂತಿತು. ಅಷ್ಟು ಹೊತ್ತೂ ಆ ಹುಡುಗ ಕೋರ್ಟಿನ ಅಂಚಿನಲ್ಲಿ ಕೂತು ಹೆಬ್ಬೆರಳಿನಿಂದ ಮಣ್ಣು ಕೆದರುತ್ತಾ, ನನ್ನ ಕಡೆ ಅಲ್ಲ, ಆ ಹಿರಿಯರ ಕಡೆ ನೋಡುತ್ತಿದ್ದ. ಯಾರು ಗೆಲ್ಲುತ್ತಾರೆ ಅಂತ ನೋಡುತ್ತಿದ್ದ. ನಾನು ಕಾರ್ಡ್ ವಾಪಸ್ ತೆಗೆದುಕೊಳ್ಳಲಿಲ್ಲ, ಪಂದ್ಯ ಅವನಿಲ್ಲದೆ ಮುಗಿಯಿತು, ನಡೆದದ್ದನ್ನೆಲ್ಲ ಬರೆದೂ ಕೊಟ್ಟೆ. ಮುಂದೆ ಏನೂ ಆಗಲಿಲ್ಲ. ಸ್ವಲ್ಪ ದಿನಕ್ಕೇ ಊರ ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಅದೇ ಹುಡುಗ ಆಡುತ್ತಿದ್ದ, ಮೈಕಿನಲ್ಲಿ ಅವನ ಹೆಸರು ಹಿಡಿದು ಹೊಗಳುತ್ತಿದ್ದರು. ಶಾಲೆಯ ಆಟದಲ್ಲಿ ಬಿದ್ದ ಶಿಕ್ಷೆಗೂ ಊರಿನ ಟೂರ್ನಮೆಂಟಿಗೂ ಸಂಬಂಧವೇ ಇಲ್ಲ. ಇವನು ನಾಳೆ ಸ್ಟಂಪ್ ಎತ್ತಿಕೊಂಡು ಯಾರದೋ ತಲೆ ಒಡೆದರೆ ಆಗ ಎಲ್ಲರೂ ಜೈಲಿಗೆ ಹಾಕಿ ಅಂತಾರೆ.

ಈಗ ಕಾನೂನಿಗೆ ಬರೋಣ. ಬಾಲಾಪರಾಧಿ ಅಂದರೆ ಸುಮ್ನೆ ಬಿಟ್ಟುಬಿಡುವುದಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಬಾಲನ್ಯಾಯ ಮಂಡಳಿ ಹುಡುಗನನ್ನು 3 ವರ್ಷದವರೆಗೆ ವಿಶೇಷ ಗೃಹದಲ್ಲಿ, ಅಂದರೆ ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ಜಾಗದಲ್ಲಿ, ಇಡಬಹುದು. ಸಮುದಾಯ ಸೇವೆ ಮಾಡಿಸಬಹುದು, ಅಪ್ಪ-ಅಮ್ಮನಿಂದ ದಂಡ ಕಟ್ಟಿಸಬಹುದು. 16 ತುಂಬಿದವನು ಕೊಲೆಯಂಥ ಘೋರ ಅಪರಾಧ ಮಾಡಿದರೆ, ಅವನಿಗೆ ಮಾಡಿದ್ದರ ಪರಿಣಾಮ ಅರ್ಥವಾಗುತ್ತಿತ್ತೇ ಅಂತ ಪರಿಶೀಲಿಸಿ, ದೊಡ್ಡವರ ಹಾಗೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮೈದಾನದ ಹೊಡೆದಾಟದಲ್ಲಿ ಜೀವ ಹೋದರೂ ಅದು ಎಷ್ಟೋ ಸಲ 'ಕೊಲೆಯಲ್ಲದ ನರಹತ್ಯೆ' ಆಗುತ್ತದೆ, ಅದು ಘೋರ ಅಪರಾಧದ ಪಟ್ಟಿಗೆ ಸೇರುವುದಿಲ್ಲ, ಮಂಡಳಿಯಲ್ಲೇ ಮುಗಿಯುತ್ತದೆ. ನಾನು ಇದನ್ನು ಒಪ್ಪುತ್ತೇನೆ. ಕೊಲ್ಲಬೇಕು ಅಂತ ಮನೆಯಿಂದ ಹೊರಟವನು ಬೇರೆ, ಸೋತ ಸಿಟ್ಟಿಗೆ ಕೈ ಎತ್ತಿದ 16ರ ಹುಡುಗ ಬೇರೆ. ಇವನನ್ನು ಪಳಗಿದ ಕೈದಿಗಳ ನಡುವೆ ಬಿಟ್ಟರೆ ಆಚೆ ಬರುವವನು ಎಂಥವನಾಗಿರುತ್ತಾನೆ, ಹೇಳಿ.

ಹಾಗಂತ ಮೆತ್ತಗೆ ಹೋಗಿ ಅನ್ನುತ್ತಿಲ್ಲ. 2013ರಲ್ಲಿ ಅಮೆರಿಕದ ಯೂಟಾದಲ್ಲಿ 17ರ ಗೋಲ್‌ಕೀಪರ್ ಒಬ್ಬ ಹಳದಿ ಕಾರ್ಡ್ ಕೊಟ್ಟ ರೆಫರಿಯ ತಲೆಗೆ ಗುದ್ದಿದ. ಒಂದೇ ಏಟು. ರೆಫರಿ ಒಂದು ವಾರ ಕೋಮಾದಲ್ಲಿದ್ದು ತೀರಿಕೊಂಡರು. ಹುಡುಗ ತಪ್ಪೊಪ್ಪಿಕೊಂಡ. ನ್ಯಾಯಾಧೀಶೆ ಅವನನ್ನು ಬಾಲಕರ ಬಂಧನಗೃಹಕ್ಕೆ ಕಳಿಸಿದರು, ಜೊತೆಗೆ ಸತ್ತ ರೆಫರಿಯ ಫೋಟೋ ಕೋಣೆಯಲ್ಲಿ ಇಟ್ಟುಕೊಳ್ಳಬೇಕು, ಅವರ ಹೆಣ್ಣುಮಕ್ಕಳಿಗೆ ವಾರವಾರ ಪತ್ರ ಬರೆಯಬೇಕು ಅಂತ ಆದೇಶ ಮಾಡಿದರು. ಇದು ನನಗೆ ಬರೀ ಬೀಗ ಹಾಕುವುದಕ್ಕಿಂತ ಕಠಿಣ ಶಿಕ್ಷೆ ಅನಿಸುತ್ತದೆ.

ಜೀವ ಹೋಗದ ಪ್ರಕರಣಗಳಲ್ಲಿ ಆಟದಿಂದ ದೂರ ಇಡುವುದೇ ಹುಡುಗರಿಗೆ ನಿಜವಾಗಿ ತಾಗುವ ಶಿಕ್ಷೆ. 2020ರ ಅಂಡರ್-19 ಕ್ರಿಕೆಟ್ ವಿಶ್ವಕಪ್ ಫೈನಲ್ ನೆನಪಿದೆಯಲ್ಲ, ಬಾಂಗ್ಲಾದೇಶ ಗೆದ್ದ ಮೇಲೆ ನಮ್ಮ ಹುಡುಗರೂ ಅವರೂ ತಳ್ಳಾಡಿದ್ದು? ಐಸಿಸಿ ಒಂದೆರಡು ದಿನದಲ್ಲೇ ಐವರಿಗೆ ಶಿಕ್ಷೆ ಹಾಕಿತು, ಇಬ್ಬರು ನಮ್ಮವರು. ಅವರಲ್ಲಿ ರವಿ ಬಿಷ್ಣೋಯಿ 2022ರಲ್ಲಿ ಭಾರತ ತಂಡದಲ್ಲೇ ಆಡಿದ. ಹೀಗಿರಬೇಕು. ಬೇಗ ಶಿಕ್ಷೆ, ಎಲ್ಲರಿಗೂ ಗೊತ್ತಾಗುವ ಹಾಗೆ, ಆಮೇಲೆ ಮತ್ತೆ ಆಡಲು ದಾರಿ.

ನನ್ನ ಕೈಲಿದ್ದರೆ ಹೀಗೆ ಮಾಡುತ್ತಿದ್ದೆ. ರೆಫರಿಯ ಮೇಲೆ ಕೈ ಮಾಡಿದರೆ ಒಂದು ಪೂರ್ತಿ ವರ್ಷ ಆಟ ಇಲ್ಲ, ಶಾಲೆಯಲ್ಲೂ ಇಲ್ಲ, ಊರಲ್ಲೂ ಇಲ್ಲ. ಆ ವರ್ಷ ಅವನು ಮನೆಯಲ್ಲಿ ಕೂರುವುದಲ್ಲ, ಮೈದಾನಕ್ಕೆ ಬಂದು ಸುಣ್ಣದ ಗೆರೆ ಹಾಕಬೇಕು, ಸ್ಕೋರ್ ಬರೆಯಬೇಕು, ಚಿಕ್ಕ ಮಕ್ಕಳ ಪಂದ್ಯಕ್ಕೆ ಸೀಟಿ ಊದಬೇಕು. ಬೈಸಿಕೊಳ್ಳುವುದು ಹೇಗಿರುತ್ತದೆ ಅಂತ ಆಗ ಗೊತ್ತಾಗುತ್ತದೆ. ಹೊಡೆಸಿಕೊಂಡವನ ಮನೆಗೆ ಹೋಗಿ ಎದುರು ನಿಂತು ಕ್ಷಮೆ ಕೇಳಬೇಕು, ಆಸ್ಪತ್ರೆ ಖರ್ಚು ಅಪ್ಪ ಕೊಡಬೇಕು. ಇನ್ನು ಗೆರೆ ದಾಟಿ ಒಳಗೆ ಬರುವ ದೊಡ್ಡವರಿಗೆ ರಾಜಿ ಪಂಚಾಯಿತಿ ಇಲ್ಲ. ಅದೇ ದಿನ ಠಾಣೆಯಲ್ಲಿ ದೂರು.

ನಿಮಗೆ ನಿಜವಾಗಿ ಏನಾದರೂ ಮಾಡಬೇಕು ಅನಿಸಿದರೆ ನಿಮ್ಮ ಊರಿನ ಪಂದ್ಯಾವಳಿ ಕಮಿಟಿಯವರನ್ನು ಹಿಡಿಯಿರಿ. ಪ್ರವೇಶ ಶುಲ್ಕ, ಮೊದಲ ಬಹುಮಾನ ಎಲ್ಲಾ ಹಾಕುವ ಪೋಸ್ಟರಿನಲ್ಲೇ ಇನ್ನೊಂದು ಸಾಲು ಹಾಕಿಸಿ: ಬೇರೆ ಎಲ್ಲೇ ಆಗಲಿ ಹೊಡೆದಾಡಿ ನಿಷೇಧವಾದ ಆಟಗಾರನಿಗೆ ಇಲ್ಲಿ ಅವಕಾಶವಿಲ್ಲ. ಮೊದಲ ವರ್ಷ ಜಗಳ ಆಗುತ್ತದೆ, ಒಂದೆರಡು ತಂಡ ಬರುವುದಿಲ್ಲ ಅಂತಲೂ ಹೇಳುತ್ತವೆ. ಆದರೂ ಹಾಕಿಸಿ.