ಚರ್ಚ್ ಮದುವೆಗೆ ಕರೆದಿದ್ದಾರಾ? ಮುಹೂರ್ತಕ್ಕೇ ಹೋಗಿ

ತಂಗಿ, ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯ್ತು, ಆಫೀಸಿನ ಹುಡುಗಿ ಆಂಗ್ಲಿಕನ್ ಚರ್ಚಲ್ಲಿ ಮದುವೆ ಅಂತ ಕರೆದಿದ್ದಾಳೆ, ಅಲ್ಲಿ ಏನೇನು ನಡೆಯುತ್ತೆ, ನಾವು ಹಿಂದೂಗಳು ಒಳಗೆ ಕೂರಬಹುದಾ, ಇಲ್ಲಾ ಸಂಜೆ ಊಟಕ್ಕೆ ಹೋದ್ರೆ ಸಾಕಾ ಅಂತ ಕೇಳಿದ್ದೀರಲ್ಲ, ಆ ಕೊನೇ ಮಾತು ಓದಿ ನಂಗೆ ಸುಮ್ನಿರೋಕೆ ಆಗ್ಲಿಲ್ಲ.

ಸಣ್ಣಪುಟ್ಟದ್ದು ಮೊದಲು ಹೇಳ್ಬಿಡ್ತೀನಿ. ಧಾರಾಳವಾಗಿ ಕೂರಬಹುದು, ಯಾರೂ ಏನೂ ಕೇಳಲ್ಲ. ಚಪ್ಪಲಿ ಬಿಡಬೇಕಿಲ್ಲ. ಮೈಸೂರ್ ಸಿಲ್ಕ್ ಉಟ್ಕೊಳ್ಳಿ, ಬಿಳಿ, ಕೆನೆ ಬಣ್ಣ ಮಾತ್ರ ಬೇಡ, ಅದು ಮದುಮಗಳದ್ದು. ಹಳೇ ಕಲ್ಲಿನ ಚರ್ಚಾದ್ರೆ ಬೇಸಿಗೇಲೂ ಥಂಡಿ, ಒಂದು ಶಾಲು ಇರಲಿ. ಮುಯ್ಯಿ ಮಾಡೋಕೆ ಸ್ಟೇಜಿನ ಮುಂದೆ ಕ್ಯೂ ಇರಲ್ಲ, ಅವರಿಗೆ ಬೇಕಾದ ಉಡುಗೊರೆಗಳ ಪಟ್ಟಿ, ಅಂದ್ರೆ ಗಿಫ್ಟ್ ಲಿಸ್ಟ್, ಇದ್ಯಾ ಅಂತ ಕೇಳ್ಕೊಳ್ಳಿ.

ನಾವು ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದು 2002ರಲ್ಲಿ. ಪಕ್ಕದ ಮನೆಯಾಕೆ ನನ್ನ ಬಾಣಂತನದಲ್ಲಿ ದಿನಾ ಬಾಗಿಲು ತಟ್ಟಿ ವಿಚಾರಿಸ್ಕೊಂಡು ಹೋಗೋರು, ಇಲ್ಲಿ ನನಗೆ ತಾಯಿ ಸ್ಥಾನದಲ್ಲಿ ಇದ್ದೋರು ಅವರೊಬ್ರೇ. ಮಗಳ ಮದುವೆಗೆ ಕರೆದ್ರು, ಮಧ್ಯಾಹ್ನ ಒಂದಕ್ಕೆ ಚರ್ಚು, ಆಮೇಲೆ ಊಟ, ರಾತ್ರಿ ಡ್ಯಾನ್ಸು. ನಾವು ಊರಿನ ಲೆಕ್ಕದಲ್ಲೇ, ಮುಹೂರ್ತಕ್ಕೆ ಮನೆಯವರು ಇರ್ತಾರೆ, ರಿಸೆಪ್ಷನ್‌ಗೆ ಮುಖ ತೋರಿಸಿ ಬಂದ್ರಾಯ್ತು ಅಂದ್ಕೊಂಡು ಏಳು ಗಂಟೆಗೆ ಹೋದ್ವಿ. ಊಟದ ಟೇಬಲಲ್ಲಿ ನಮ್ಮ ಹೆಸರಿನ ಎರಡು ಕಾರ್ಡು ಹಾಗೇ ಇದ್ವು. ಆಕೆ ಒಂದು ಮಾತೂ ಆಡ್ಲಿಲ್ಲ.

ಮಾರನೇ ದಿನ ಒಂದು ತುಂಡು ಕೇಕು, ಜೊತೆಗೆ ಚರ್ಚಲ್ಲಿ ಹಂಚಿದ್ದ, ಮದುವೆ ವಿಧಿಯೆಲ್ಲಾ ಅಚ್ಚಾಗಿರೋ ಆರ್ಡರ್ ಆಫ್ ಸರ್ವೀಸ್ ಪುಸ್ತಕ ತಂದ್ಕೊಟ್ರು, ನಿಮ್ಮದು ಎತ್ತಿಟ್ಟಿದ್ದೆ ಅಂತ. ಅವತ್ತು ಅದನ್ನ ಓದಿದ್ಮೇಲೇ ನನಗೆ ತಿಳಿದಿದ್ದು. ಮದುಮಗಳು ಅಪ್ಪನ ಕೈ ಹಿಡ್ಕೊಂಡು ಬರುವಾಗ ಎಲ್ಲರೂ ಎದ್ದು ನಿಲ್ಲಬೇಕು. ಆಮೇಲೆ ಪಾದ್ರಿ, ಈ ಮದುವೆಗೆ ಕಾನೂನಿನ ಅಡ್ಡಿ ಗೊತ್ತಿರೋರು ಈಗಲೇ ಹೇಳಿ ಅಂತಾರೆ, ಇದಕ್ಕೂ ಮುಂಚೆ ಮೂರು ಭಾನುವಾರ ಬ್ಯಾನ್ಸ್ ಅಂತ ಇಬ್ಬರ ಹೆಸರನ್ನೂ ಓದಿ ಹೇಳಿರ್ತಾರೆ ಸಾಮಾನ್ಯವಾಗಿ. ಹುಡುಗ ಹುಡುಗಿ ಇಬ್ಬರನ್ನೂ ಬೇರೆ ಬೇರೆ ಕೇಳ್ತಾರೆ, ಐ ವಿಲ್ ಅಂತಾರೆ. ಅದಾದ್ಮೇಲೆ ಪಾದ್ರಿ ನಮ್ಮ ಕಡೆ ತಿರುಗಿ, ಬಂಧು ಮಿತ್ರರಾದ ನೀವು ಇವತ್ತೂ ಮುಂದೂ ಇವರ ಸಂಸಾರಕ್ಕೆ ಆಸರೆಯಾಗಿ ನಿಲ್ತೀರಾ ಅಂತ ಕೇಳ್ತಾರೆ. ಪುಸ್ತಕದಲ್ಲಿ ಅದರ ಕೆಳಗೆ ದಪ್ಪಕ್ಷರದಲ್ಲಿ ಎರಡೇ ಪದ, ವೀ ವಿಲ್. ಅದು ನಾನು ಹೇಳಬೇಕಿದ್ದ ಮಾತು ಕಣಮ್ಮ. ನಮ್ಮಲ್ಲಿ ಗಟ್ಟಿಮೇಳ ಅಂದಾಗ ಕೈಲಿ ಅಕ್ಷತೆ ಇಲ್ದೆ ಹೊರಗೆ ಕಾಫಿ ಕುಡೀತಾ ನಿಂತಂಗಾಯ್ತು ನನ್ನ ಕಥೆ. ಅವರು ಈಗ ಡೆವನ್‌ನಲ್ಲಿ ಮಗಳ ಹತ್ರ ಇದಾರೆ, ಕ್ರಿಸ್ಮಸ್ ಕಾರ್ಡು ತಪ್ಪದೆ ಬರುತ್ತೆ, ನಾನು ಇವತ್ತಿಗೂ ಬಾಯಿಬಿಟ್ಟು ಕ್ಷಮೆ ಕೇಳಿಲ್ಲ. ಆ ಪುಸ್ತಕ ನಮ್ಮ ಪಾಸ್‌ಪೋರ್ಟ್‌ಗಳ ಜೊತೇಲೇ ಇದೆ.

ಮಿಕ್ಕಿದ್ದು ನಿಮಗೇ ಅರ್ಥ ಆಗುತ್ತೆ. ಬಲಗೈ ಹಿಡಿದು, ಕಷ್ಟ ಸುಖ, ಕಾಯಿಲೆ ಆರೋಗ್ಯ, ಸಾಯೋ ತನಕ ಅಂತ ಪಾದ್ರಿ ಹೇಳ್ಕೊಟ್ಟಂಗೆ ಹೇಳ್ತಾರೆ, ಉಂಗುರ ಹಾಕ್ತಾರೆ, ಎಷ್ಟೋ ಕಡೆ ಪಾದ್ರಿ ತಮ್ಮ ಕೊರಳಿನ ಉದ್ದ ಬಟ್ಟೆ ಪಟ್ಟೀನ ಅವರ ಕೈಗಳಿಗೆ ಸುತ್ತಿ ದೇವರು ಕೂಡಿಸಿದ್ದನ್ನ ಯಾರೂ ಅಗಲಿಸಬಾರದು ಅಂತಾರೆ. ಅದನ್ನ ಆಮೇಲೆ ಬೇರೆ ಮದುವೇಲಿ ನೋಡಿದಾಗ ನನಗೆ ಅಮ್ಮ ಅಪ್ಪ ಧಾರೆ ಎರೆದಿದ್ದೇ ಕಣ್ಣಿಗೆ ಬಂತು. ಸಹಿ ಹಾಕೋಕೆ ಮೊದಲೆಲ್ಲಾ ದೊಡ್ಡ ರಿಜಿಸ್ಟರ್ ಪುಸ್ತಕ ಇರ್ತಿತ್ತು, 2021ರ ಮೇ ಇಂದ ಬರೀ ಒಂದು ಹಾಳೆ. ಹಾಡಿಗೆ ಎದ್ದು ನಿಂತ್ರೆ ಸಾಕು, ಹಾಡಲೇಬೇಕು ಅಂತಿಲ್ಲ.

ಇನ್ವಿಟೇಶನ್ ಇನ್ನೊಂದ್ಸಲ ನೋಡಿ, ಬರೀ ಈವ್ನಿಂಗ್ ಅಂತಿದ್ರೆ ಊಟಕ್ಕೆ ಲೆಕ್ಕ ಇಟ್ಟಿರಲ್ಲ, ವೆಡ್ಡಿಂಗ್ ಬ್ರೇಕ್‌ಫಾಸ್ಟ್ ಅಂತಿದ್ರೆ ಅದು ತಿಂಡಿ ಅಲ್ಲ, ಮದುವೆ ಊಟ. ಮಗು ಇದ್ರೆ ಕರ್ಕೊಂಡು ಬರಬಹುದಾ ಅಂತ ಕೇಳಿ ಇವತ್ತೇ ಉತ್ತರ ಬರೀರಿ. ಅರ್ಧ ಗಂಟೆ ಮುಂಚೆ ಹೋಗಿ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ, ಮಗು ಅತ್ರೆ ಎತ್ಕೊಂಡು ಆಚೆ ಹೋಗೋಕೆ ಸುಲಭ. ವೀ ವಿಲ್ ಅನ್ನುವಾಗ ಮಾತ್ರ ಒಳಗಿರಿ.