ಸಾರ್ಕ್ ಅಧ್ಯಕ್ಷ ನೇಪಾಳ, ಕೊರೊನಾ ಸಭೆ ಕರೆದದ್ದು ಭಾರತ. ಹೀಗ್ಯಾಕೆ?

ನೀವು ಕೇಳಿದ್ದು ಇಷ್ಟು: ದಕ್ಷಿಣ ಏಷ್ಯಾದ ಎಂಟು ದೇಶಗಳ ಕೂಟವಾದ ಸಾರ್ಕ್‌ನ ಅಧ್ಯಕ್ಷ ಸ್ಥಾನ 2014ರಿಂದ ನೇಪಾಳದ ಹತ್ತಿರ ಇದೆ, ಆದರೆ ಕೊರೊನಾ ಬಂದಾಗ ಎಲ್ಲರನ್ನೂ ಸಭೆಗೆ ಕರೆದದ್ದು ಭಾರತ, ಹಾಗಾದರೆ ಅಧ್ಯಕ್ಷ ದೇಶ ಏನು ಮಾಡುತ್ತಿತ್ತು?

ನಾನು ಕೇರಳದ ಗಡಿನಾಡು ಕುಂಬಳೆಯಲ್ಲಿ ಪಿಎಸ್‌ಸಿ ಪರೀಕ್ಷೆ ಬರೆಯುವ ಕನ್ನಡದ ಹುಡುಗರಿಗೆ ಪಾಠ ಮಾಡುವವನು. ಪ್ರಚಲಿತ ವಿದ್ಯಮಾನದಲ್ಲಿ ವರ್ಷ ಎಷ್ಟು ಕಳೆದರೂ ಉತ್ತರ ಬದಲಾಗದ ಪ್ರಶ್ನೆ ಇದು. ನೇಪಾಳ ಸುಮ್ನೆ ಕೂತಿತ್ತು ಅಂತ ನಾನು ಹೇಳುವುದಿಲ್ಲ. ಅದರ ಕೈಯಲ್ಲಿ ಮಾಡಲಿಕ್ಕೆ ಇದ್ದದ್ದೇ ಕಡಿಮೆ.

ಸಾರ್ಕ್‌ನಲ್ಲಿ ಶೃಂಗಸಭೆ, ಅಂದರೆ ಎಲ್ಲ ದೇಶಗಳ ನಾಯಕರ ಸಭೆ, ಯಾವ ದೇಶದಲ್ಲಿ ನಡೆಯುತ್ತದೋ ಆ ದೇಶ ಅಧ್ಯಕ್ಷ. ಮುಂದಿನ ಸಭೆ ಆಗುವವರೆಗೆ ಅದೇ. ಊರಿನ ಕ್ಲಬ್ಬಿನಲ್ಲಿ ವಾರ್ಷಿಕ ಮಹಾಸಭೆ ಸೇರದಿದ್ದರೆ ಹಳೇ ಅಧ್ಯಕ್ಷರೇ ಮುಂದುವರಿಯುತ್ತಾರಲ್ಲ, ಹಾಗೆ. 18ನೇ ಸಭೆ 2014ರ ನವೆಂಬರ್ 26 ಮತ್ತು 27ಕ್ಕೆ ಕಠ್ಮಂಡುವಿನಲ್ಲಿ ಆಯಿತು. 19ನೆಯದು 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿತ್ತು. ಸೆಪ್ಟೆಂಬರ್ 18ಕ್ಕೆ ಕಾಶ್ಮೀರದ ಉರಿಯಲ್ಲಿ ಸೇನಾ ಶಿಬಿರದ ಮೇಲೆ ಉಗ್ರರ ದಾಳಿ ನಡೆಯಿತು, ಒಂಬತ್ತು ದಿನ ಬಿಟ್ಟು ಭಾರತ ತಾನು ಬರುವುದಿಲ್ಲ ಎಂದಿತು. ಬಾಂಗ್ಲಾದೇಶ, ಭೂತಾನ್, ಅಫ್ಘಾನಿಸ್ತಾನವೂ ಹಿಂದೆ ಸರಿದವು. ಎಂಟರಲ್ಲಿ ಒಬ್ಬರು ಬರದಿದ್ದರೂ ಶೃಂಗಸಭೆ ಇಲ್ಲ. ಭಾರತ ತನ್ನ ನಿರ್ಧಾರ ತಿಳಿಸಿದ್ದೂ ಅಧ್ಯಕ್ಷನಾದ ನೇಪಾಳಕ್ಕೇ. ಅಲ್ಲಿಂದ ಕಠ್ಮಂಡುವಿನಲ್ಲಿ ಎಷ್ಟೋ ಪ್ರಧಾನಿಗಳು ಬಂದರು, ಹೋದರು. ಕುರ್ಚಿ ಮಾತ್ರ ಅಲ್ಲೇ ಇದೆ.

ಇದರಲ್ಲಿ ಜನ ಮರೆತ ಒಂದು ವಿಷಯ ಉಂಟು. ಅಧ್ಯಕ್ಷನಾಗಿದ್ದಾಗಲೇ ನೇಪಾಳಕ್ಕೆ ಎರಡು ಪೆಟ್ಟು ಬಿತ್ತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಅದೇ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಬಂತು, ಭಾರತದ ಗಡಿಗೆ ತಾಗಿದ ಬಯಲಿನಲ್ಲಿರುವ ಮಧೇಸಿ ಜನರ ಪ್ರತಿಭಟನೆ ಜೋರಾಯಿತು, ಎರಡು ದೇಶಗಳ ನಡುವಿನ ರಕ್ಸೌಲ್-ಬೀರ್‌ಗಂಜ್ ಗಡಿಯಲ್ಲಿ ಲಾರಿಗಳು ಸಾಲಾಗಿ ನಿಂತವು. ದಿಗ್ಬಂಧನ ಹಾಕಿದ್ದು ಭಾರತ ಅಂತ ನೇಪಾಳ ಹೇಳಿತು. ಅದು ನಿಮ್ಮದೇ ಒಳಗಿನ ಗಲಾಟೆ ಅಂತ ಭಾರತ ಹೇಳಿತು. ಉಪ್ಪಳದ ಒಂದು ಹೋಟೆಲಿನಲ್ಲಿ ಪರೋಟ ಹಾಕುವ ನೇಪಾಳಿ ಹುಡುಗನೊಬ್ಬ ಇದ್ದಾನೆ. ಆಗ ಅವನು ಶಾಲೆಗೆ ಹೋಗುತ್ತಿದ್ದನಂತೆ. ಅರ್ಧ ತುಂಬಿಸಿದ ಗ್ಯಾಸ್ ಸಿಲಿಂಡರಿಗಾಗಿ ಅಮ್ಮನ ಜೊತೆ ಬೆಳಗಿನಿಂದ ಸಾಲಿನಲ್ಲಿ ನಿಂತದ್ದು, ಮನೆಗೆ ತಂದ ಸಿಲಿಂಡರನ್ನು ಅಪ್ಪ ಅಲ್ಲಾಡಿಸಿ ನೋಡುತ್ತಿದ್ದದ್ದು, ಎಲ್ಲ ಅವನಿಗೆ ನೆನಪಿದೆ. ಸಾರ್ಕ್ ಅಂದರೆ ಏನು ಅಂತ ನನ್ನನ್ನೇ ಕೇಳಿದ! ಆ ಸಮಯದಲ್ಲಿ ಅಧ್ಯಕ್ಷ ದೇಶ ತನ್ನ ಅಡುಗೆ ಗ್ಯಾಸಿನ ವಿಷಯವನ್ನೇ ಸಾರ್ಕ್ ಮುಂದೆ ಇಡುವ ಹಾಗಿರಲಿಲ್ಲ. ಯಾಕೆಂದರೆ ಎರಡು ದೇಶಗಳ ನಡುವಿನ ಜಗಳವನ್ನೂ ವಿವಾದದ ವಿಷಯಗಳನ್ನೂ ಅಲ್ಲಿ ತರಬಾರದು, ಎಲ್ಲ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು ಅಂತ ಸಾರ್ಕ್‌ನ ಮೂಲ ನಿಯಮವಾದ 1985ರ ಸನ್ನದಿನ 10ನೇ ವಿಧಿಯಲ್ಲೇ ಬರೆದಿದೆ.

ಈಗ ಕೊರೊನಾಕ್ಕೆ ಬರೋಣ. ಮೋದಿಯವರು 2020ರ ಮಾರ್ಚ್ 13ಕ್ಕೆ ಟ್ವೀಟ್ ಮಾಡಿದರು, 15ಕ್ಕೆ ವಿಡಿಯೊ ಸಭೆ ಆಯಿತು. ನೇಪಾಳದ ಪ್ರಧಾನಿ ಓಲಿಯವರಿಗೆ ಆ ತಿಂಗಳ 4ಕ್ಕಷ್ಟೇ ಎರಡನೇ ಸಲ ಕಿಡ್ನಿ ಕಸಿ ಆಗಿತ್ತು, ಆದರೂ ಬಂದು ಕೂತರು. ಭಾರತ 1 ಕೋಟಿ ಡಾಲರಿನ ತುರ್ತು ನಿಧಿ ಘೋಷಿಸಿತು. ಪಾಕಿಸ್ತಾನ ಪ್ರಧಾನಿಯನ್ನು ಕಳಿಸದೆ ಆರೋಗ್ಯ ಸಲಹೆಗಾರರನ್ನು ಕಳಿಸಿತು, ಅವರು ಕಾಶ್ಮೀರದ ಮಾತು ಎತ್ತಿದರು. ಆಮೇಲೆ ಪಾಕಿಸ್ತಾನ 30 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು, ಆದರೆ ಹಣ ಸಾರ್ಕ್ ಕಚೇರಿಯ ಕೈಯಲ್ಲೇ ಇರಬೇಕು ಎಂಬ ಪಟ್ಟು. ಎರಡು ದಿನದಲ್ಲಿ ಎಂಟು ದೇಶಗಳನ್ನು ಒಂದು ಪರದೆಗೆ ತರಲಿಕ್ಕೆ ಭಾರತಕ್ಕೆ ಆಯಿತು. ನೇಪಾಳ ಕರೆದಿದ್ದರೆ ಅಷ್ಟು ಬೇಗ ಆಗುತ್ತಿರಲಿಲ್ಲ ಅಂತ ನನಗನಿಸುತ್ತದೆ. ಆದರೆ ಅಧ್ಯಕ್ಷನ ಹೆಸರಿನಲ್ಲೇ ಕರೆಸಿದ್ದರೆ ಇದು ಸಾರ್ಕ್‌ನದ್ದಲ್ಲ, ಭಾರತದ್ದು ಎಂಬ ನೆಪ ಪಾಕಿಸ್ತಾನಕ್ಕೆ ಸಿಗುತ್ತಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ವಿದೇಶಾಂಗ ಮಂತ್ರಿಗಳ ಆನ್‌ಲೈನ್ ಸಭೆಯನ್ನು ನೇಪಾಳವೇ ನಡೆಸಿತು, ಅದು ಯಾರಿಗೂ ನೆನಪಿಲ್ಲ.

ಆ ವಿಡಿಯೊ ಸಭೆ ಆಗಿ ಹೆಚ್ಚು ದಿನ ಆಗಿರಲಿಲ್ಲ, ಕೇರಳ-ಕರ್ನಾಟಕ ಗಡಿಯ ನಮ್ಮ ತಲಪಾಡಿಯಲ್ಲಿ ಕೊರೊನಾ ದಾಟಬಾರದು ಅಂತ ಕರ್ನಾಟಕ ರಸ್ತೆಗೆ ಲಾರಿಗಟ್ಟಲೆ ಕೆಂಪು ಮಣ್ಣು ಹಾಕಿಸಿತು. ಒಳದಾರಿಗಳಿಗೂ ಬಿತ್ತು. ಇಲ್ಲಿಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. ಡಯಾಲಿಸಿಸ್‌ಗೆ ಹೋಗುವವರು ಫೈಲು ಹಿಡಿದುಕೊಂಡು ಮಣ್ಣಿನ ರಾಶಿಯ ಈಚೆ ನಿಂತರು, ಆಂಬುಲೆನ್ಸ್ ತಿರುಗಿ ಬಂತು, ಕೆಲವರು ಸತ್ತೇ ಹೋದರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿಸಿ ಎಂದಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು, ಕೇಂದ್ರ ನಡುವೆ ಕೂತು ಮಾತಾಡಿಸಿತು, 7ನೇ ತಾರೀಕಿಗೆ ತುರ್ತು ರೋಗಿಗಳನ್ನು ಬಿಡುವ ಕ್ರಮ ಒಪ್ಪಿಗೆಯಾಯಿತು. ತಡವಾಯಿತು, ಹೌದು. ಆದರೆ ಎರಡು ರಾಜ್ಯಗಳ ಮೇಲೆ ಹೇಳುವವರು ಒಬ್ಬರು ಇದ್ದರು. ಸಾರ್ಕ್‌ನ ಎಂಟು ದೇಶಗಳ ಮೇಲೆ ಯಾರೂ ಇಲ್ಲ. ಅಧ್ಯಕ್ಷನಿಗೆ ಆದೇಶ ಕೊಡುವ ಅಧಿಕಾರವೇ ಇಲ್ಲ. ಪತ್ರ ಬರೆಯಬಹುದು, ಫೋನ್ ಮಾಡಬಹುದು, ಕೂರಿಸಿ ಮಾತಾಡಿಸಬಹುದು, ಅಷ್ಟೇ.

ಕೂರಿಸಿ ಮಾತಾಡಿಸುವುದು ಸಣ್ಣ ಕೆಲಸ ಅಲ್ಲ ಮತ್ತೆ. 2014ರ ಸಭೆ ಬರಿಗೈಯಲ್ಲಿ ಮುಗಿಯುವುದರಲ್ಲಿತ್ತು. ರಸ್ತೆ ಮತ್ತು ರೈಲಿನ ಒಪ್ಪಂದಕ್ಕೆ ಪಾಕಿಸ್ತಾನ ಒಪ್ಪಿರಲಿಲ್ಲ. ಕೊನೆ ದಿನ ನೇಪಾಳ ನಾಯಕರನ್ನೆಲ್ಲ ಕಠ್ಮಂಡುವಿನ ಹತ್ತಿರದ ಗುಡ್ಡದ ಊರು ಧುಲಿಖೇಲ್‌ಗೆ ಕರೆದುಕೊಂಡು ಹೋಯಿತು. ಅಧಿಕಾರಿಗಳ ಗುಂಪು ಇಲ್ಲದ ಮಾತುಕತೆ ಅದು. ವಾಪಸ್ ಬಂದ ಮೇಲೆ ವಿದ್ಯುತ್ ಸಹಕಾರದ ಒಪ್ಪಂದಕ್ಕೆ ಸಹಿ ಬಿತ್ತು, ಮೋದಿ ಮತ್ತು ಆಗಿನ ಪಾಕಿಸ್ತಾನ ಪ್ರಧಾನಿ ನವಾಜ್ ಷರೀಫ್ ಕೈ ಕುಲುಕಿದ ಫೋಟೊನೂ ಬಂತು. ಆದರೆ ಇದೆಲ್ಲ ಆಗಬೇಕಾದರೆ ಮೊದಲು ಎಲ್ಲರೂ ಬರಬೇಕಲ್ವಾ?

2021ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸಾರ್ಕ್ ವಿದೇಶಾಂಗ ಮಂತ್ರಿಗಳು ಸೇರಬೇಕಿತ್ತು. ತಾಲಿಬಾನ್ ಕಾಬೂಲ್ ಹಿಡಿದು ಆಗಿತ್ತು. ಅಫ್ಘಾನಿಸ್ತಾನದ ಕುರ್ಚಿಯಲ್ಲಿ ಯಾರು ಕೂರಬೇಕು, ಖಾಲಿ ಬಿಡಬೇಕಾ ಎಂಬುದರಲ್ಲಿ ಒಮ್ಮತ ಆಗಲಿಲ್ಲ, ನೇಪಾಳ ಸಭೆಯನ್ನೇ ರದ್ದು ಮಾಡಿತು. ತುಂಬಾ ಜನ ಇದಕ್ಕೆ ನಕ್ಕರು. ನನ್ನ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನ. ಒಂದು ಪಕ್ಷ ಹಿಡಿದು ಸಭೆ ನಡೆಸಿದ್ದರೆ ಉಳಿದವರಲ್ಲಿ ಕೆಲವರು ಆಮೇಲೆ ನೇಪಾಳದ ಫೋನನ್ನೂ ಎತ್ತುತ್ತಿರಲಿಲ್ಲ.